ಎಂಟು ತೂತಿನ ದೋಣಿ

ಸೋರುವುದನ್ನು ನಿಲ್ಲಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವ ಗಂಡು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ತಾರಸಿ ಇರಲಿ, ತೊಟ್ಟಿ ಇರಲಿ, ಈಜುಕೊಳವೇ ಇರಲಿ, ನಾನು ಒಮ್ಮೆ ಕರಣೆ ಆಡಿಸಿದೆನೆಂದರೆ ನನ್ನ ಅಪ್ಪಣೆ ಇಲ್ಲದೆ ನೀರು ಅಲ್ಲಾಡುವುದಿಲ್ಲ. ನನ್ನ ಹೆಂಡತಿ ಹಲ್ಲಿನ ಡಾಕ್ಟರು. ಅವಳು ಹಲ್ಲಿನ ತೂತು ಮುಚ್ಚುತ್ತಾಳೆ, ನಾನು ಕಟ್ಟಡಗಳ ತೂತು ಮುಚ್ಚುತ್ತೇನೆ. ಒಟ್ಟಿನಲ್ಲಿ ನಮ್ಮದು ತೂತಿನಿಂದಲೇ ತುತ್ತು ಕಾಣುವ ಸಂಸಾರ.

ನಮ್ಮ ಮನೆಯ ಹಾಲ್‌ನ ಮೂಲೆಯಲ್ಲಿ ಒಂದು ನೀಲಿ ಬಕೆಟ್ ಇರುವುದು ನಿಜ. ಮಳೆ ಬಂದಾಗ ಮೇಲಿನಿಂದ ಅದರೊಳಗೆ ಟಪ್ ಟಪ್ ಎಂದು ಬೀಳುವುದೂ ನಿಜ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಪ್ರತಿ ಮಳೆಗೂ ನನಗೆ ಮಂಗಳಾರತಿ ಎತ್ತುತ್ತಾಳೆ. ದೊಡ್ಡ ಕೆಲಸದವರಿಗೆ ಇಂಥ ಚಿಲ್ಲರೆ ಹನಿಗಳ ಕಡೆ ನೋಡಲು ಪುರುಸೊತ್ತೆಲ್ಲಿ? "ಮಾಡೋಣ ಬಿಡು" ಎಂದು ಬಕೆಟ್ ಖಾಲಿ ಮಾಡಿ ಮತ್ತೆ ಅಲ್ಲೇ ಇಡುತ್ತೇನೆ.

ಆಗ ನನ್ನ ಕಣ್ಣಿದ್ದದ್ದು ಊರಿನ ಹೊಸ ನೀರಿನ ಟ್ಯಾಂಕಿನ ಮೇಲೆ. ಅದರ ಒಳಲೇಪದ ಕೆಲಸ ನನಗೇ ಸಿಗಬೇಕು ಎಂದು ಪಣ ತೊಟ್ಟಿದ್ದೆ. ಅದೊಂದು ಕೈತಪ್ಪಿದರೆ ಇನ್ನೊಂದು ವರ್ಷ ಕಂಡವರ ಬಚ್ಚಲಿನ ಮೂಲೆಗಳಲ್ಲಿ ಮಂಡಿಯೂರುವುದೇ ಗತಿ. ಕೆಲಸ ಯಾರಿಗೆಂದು ತೀರ್ಮಾನಿಸುವವರು ಒಬ್ಬರು ಇಂಜಿನಿಯರ್ ಸಾಹೇಬರು. ಅವರ ಕೋಣೆಗೆ ಹೋದರೆ ಗೋಡೆ ತುಂಬ ಮೀನು! ಮೀನು ಹಿಡಿದ ಸಾಹೇಬರು, ಮೀನು ಎತ್ತಿದ ಸಾಹೇಬರು, ಮೀನಿನ ಪಕ್ಕ ನಾಚಿ ನಿಂತ ಸಾಹೇಬರು. ನಾನು ಟ್ಯಾಂಕಿನ ವಿಷಯ ಎತ್ತಿದರೆ ಅವರು ಕೆರೆಯ ವಿಷಯ ಎತ್ತಿದರು.

"ದಡದಲ್ಲಿ ಕೂತೂ ಕೂತೂ ಸಾಕಾಗಿದೆ ಕಣ್ರೀ. ದೊಡ್ಡ ಮೀನೆಲ್ಲ ಕೆರೆ ಮಧ್ಯದಲ್ಲಿರ್ತವೆ. ಹೊರದೇಶದಲ್ಲಿ ಮೇಲೆ ಕೂತು ಮೀನು ಹಿಡಿಯೋ ಕಯಾಕ್ ಅಂತ ಬರುತ್ತಂತೆ. ಗಾಳದ ಕೋಲು ಸಿಕ್ಕಿಸೋಕೂ ಅದರಲ್ಲೇ ಜಾಗ ಇರುತ್ತಂತೆ. ನಮಗೆಲ್ಲಿ ಸಿಗಬೇಕು!"

"ನನ್ನ ಹತ್ರಾನೇ ಇದೆಯಲ್ಲ ಸಾರ್!"

ಈ ಮಾತು ಯಾರ ಬಾಯಿಂದ ಬಂತು ಎಂದು ನಾನೂ ಸುತ್ತ ನೋಡಿದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

"ಹೌದೇನ್ರೀ! ಇಬ್ಬರು ಕೂರೋದಾ?"

"ಇಬ್ಬರು ಆರಾಮಾಗಿ ಕೂರೋದೇ ಸಾರ್!"

"ಹಾಗಾದ್ರೆ ಮುಂದಿನ ತಿಂಗಳು ಮೊದಲ ಭಾನುವಾರ ಹೋಗೋಣ. ಟ್ಯಾಂಕಿನ ಮಾತನ್ನೂ ಅಲ್ಲೇ ದೋಣೀಲಿ ಆಡಿಬಿಡೋಣ."

ಮನೆಗೆ ಬಂದು ಹೆಂಡತಿಗೆ ವಿಷಯ ತಿಳಿಸಿದೆ. ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. ಕೆಟ್ಟ ಹಲ್ಲನ್ನು ಉಳಿಸುವುದೋ ಕೀಳುವುದೋ ಎಂದು ಯೋಚಿಸುವಾಗ ಅವಳು ಹಾಗೆ ನೋಡುತ್ತಾಳೆ.

"ಕಯಾಕ್ ಅಂದ್ರೇನು ಅಂತ ಗೊತ್ತೇನ್ರೀ ನಿಮಗೆ?"

"ದೋಣಿ."

"ಈಜು ಬರುತ್ತಾ?"

"ಈಜು ಬಾರದವರಿಗೇ ಕಣೇ ದೋಣಿ ಇರೋದು!"

ಆ ಸಂಜೆಯಿಂದಲೇ ಮೊಬೈಲಿನಲ್ಲಿ ಹುಡುಕಾಟ ಶುರುವಾಯಿತು. ದೋಣಿ ಎಂದರೆ ದೋಣಿ ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಒಳಗೆ ಕೂರುವುದು ಬೇರೆ, ಮೇಲೆ ಕೂರುವುದು ಬೇರೆ, ಕೈಯಲ್ಲಿ ಹುಟ್ಟು ಹಾಕುವುದು ಬೇರೆ, ಕಾಲಲ್ಲಿ ತುಳಿಯುವುದು ಬೇರೆ, ಗಾಳಿ ಊದುವುದು ಬೇರೆ! "ಮೇಲೆ ಕೂರದೆ ದೋಣಿ ಕೆಳಗೆ ಕೂರ್ತಾರೇನ್ರೀ ಯಾರಾದ್ರೂ?" ಎಂದು ಹೆಂಡತಿ ಪಕ್ಕದಿಂದ ಕೇಳಿದಳು. ನನಗೂ ಅದೇ ಅನುಮಾನವಿತ್ತು. ನೋಡುತ್ತಾ ನೋಡುತ್ತಾ ನನ್ನ ತಲೆಯೇ ಕೆಟ್ಟು ಹೋಗಿ, ಕೊನೆಗೆ ವಿದೇಶಿ ದೋಣಿ ತರಿಸಿ ಮಾರುವ ಒಬ್ಬ ಅಂಗಡಿಯವನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದೇ ಕೂರುವವರ ತೂಕ.

ನನ್ನದನ್ನು ಹೇಳಿದೆ. "ನಿಜವಾದ್ದು ಹೇಳ್ರೀ, ಇದು ಮದುವೆ ಸಂಬಂಧ ಅಲ್ಲ" ಎಂದು ಹೆಂಡತಿ ಗದರಿದಳು. ತಿದ್ದಿ ಹೇಳಿದೆ. ಆದರೆ ಸಾಹೇಬರ ತೂಕ? ಕೆಲಸ ಕೊಡುವ ಮನುಷ್ಯನಿಗೆ ಫೋನ್ ಮಾಡಿ ನೀವು ಎಷ್ಟು ತೂಗುತ್ತೀರಿ ಎಂದು ಕೇಳುವುದು ಹೇಗೆ? ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಸಾರ್, ತಮ್ಮ ತೂಕ..."

"ಏನಾಯ್ತ್ರೀ ನನ್ನ ತೂಕಕ್ಕೆ?"

"ಏನಿಲ್ಲ ಸಾರ್, ತಮ್ಮ ಮಾತಿಗೆ ಬಹಳ ತೂಕ ಅಂತ ಎಲ್ಲರೂ ಹೇಳ್ತಾರೆ" ಎಂದು ಫೋನ್ ಇಟ್ಟುಬಿಟ್ಟೆ. ಅಂಗಡಿಯವನಿಗೆ ಸಾಹೇಬರದೆಂದು ನನ್ನ ತೂಕದ ಒಂದೂವರೆ ಪಟ್ಟು ಹೇಳಿದೆ. ನಮ್ಮ ಮದುವೆಯ ವಾರ್ಷಿಕೋತ್ಸವದ ಪ್ರವಾಸಕ್ಕೆಂದು ಕೂಡಿಟ್ಟದ್ದೆಲ್ಲ ಅವನ ಪಾಲಾಯಿತು.

ದೋಣಿ ಲಾರಿಯಲ್ಲಿ ಬಂತು. ನಿಂಬೆಹಣ್ಣಿನ ಹಳದಿ! ಬಾಗಿಲಿನಿಂದ ಒಳಗೆ ತಂದರೆ ಮೂತಿ ಅಡುಗೆಮನೆಯಲ್ಲಿ, ಬಾಲ ಬೀದಿಯಲ್ಲಿ. ಮತ್ತೆ ಹಿಂದಕ್ಕೆ ಎಳೆದು ಅಂಗಳದಲ್ಲಿಟ್ಟು ಸುತ್ತಿದ್ದ ಪ್ಲಾಸ್ಟಿಕ್ ಹರಿದೆ. ಎರಡು ಸೀಟು, ಗಾಳದ ಕೋಲು ಸಿಕ್ಕಿಸಲು ನಾಲ್ಕು ಕೊಳವೆ, ಎಲ್ಲ ಸರಿಯಾಗಿತ್ತು. ಮಗ್ಗುಲಿಗೆ ಉರುಳಿಸಿ ತಳ ನೋಡಿದೆ. ತೂತು! ಒಂದಲ್ಲ, ಎರಡಲ್ಲ, ಎಂಟು! ಮೇಲಿನಿಂದ ಇಣುಕಿದರೆ ಕೆಳಗಿನ ನೆಲ ಕಾಣುತ್ತಿತ್ತು. ಎಲ್ಲರ ಮನೆ ದೋಸೆಯೂ ತೂತೇ ಎಂದು ಗಾದೆ ಕಟ್ಟಿದವರು ಖಂಡಿತ ದೋಣಿಯ ವಿಷಯ ಹೇಳಿರಲಿಕ್ಕಿಲ್ಲ. ತಕ್ಷಣ ಫೋನಿನಲ್ಲಿ ಅಂಗಡಿಯವನನ್ನು ಹಿಡಿದೆ.

"ಏನ್ರೀ, ತೂತಿನ ಮಾಲು ಕಳಿಸಿದೀರಲ್ಲ!"

"ಎಷ್ಟು ತೂತಿದೆ ಸಾರ್?"

"ಎಂಟು!"

"ಎಂಟೇ ಇರಬೇಕು ಸಾರ್. ಒಂಬತ್ತಿದ್ರೆ ಹೇಳಿ, ಬದಲಾಯಿಸಿ ಕೊಡ್ತೀವಿ."

"ತಮಾಷೆ ಮಾಡ್ತೀರಾ? ದೋಣಿಗೆ ತೂತು ಯಾಕ್ರೀ?"

"ನೀರು ಹೋಗೋಕೆ ಸಾರ್."

"ಎಲ್ಲಿಂದ ಎಲ್ಲಿಗೆ?"

"ಮೇಲಿಂದ ಕೆಳಕ್ಕೆ."

"ಕೆಳಗೆ ಇಡೀ ಕೆರೆ ಇರುತ್ತಲ್ರೀ! ಅದು ಮೇಲಕ್ಕೆ ಬರಲ್ವಾ?"

"ಸ್ವಲ್ಪ ಬರುತ್ತೆ ಸಾರ್. ಬಂದಿದ್ದು ಹೋಗುತ್ತೆ."

"ಹೋಗಿದ್ದು ಮತ್ತೆ ಬಂದ್ರೆ?"

"ಮತ್ತೆ ಹೋಗುತ್ತೆ ಸಾರ್. ತೂತು ಇರೋದ್ರಿಂದಾನೇ ಅದು ಚೆನ್ನಾಗಿರೋದು."

ನಾನು ಕಕ್ಕಾಬಿಕ್ಕಿಯಾಗಿ ಫೋನನ್ನೇ ನೋಡಿದೆ. ಇಪ್ಪತ್ತು ವರ್ಷ ತೂತಿನ ಜೊತೆ ಸಂಸಾರ ಮಾಡಿದವನಿಗೆ, ಬಂದ ನೀರು ತಾನಾಗಿ ಹೋಗುತ್ತದೆ ಎಂದು ಕಿವಿಯ ಮೇಲೆ ಹೂವಿಡಲು ಬರುತ್ತಾನೆ! ಹೋಗುವ ಬುದ್ಧಿ ನೀರಿಗಿದ್ದಿದ್ದರೆ ನನ್ನ ಕಸುಬು ಯಾಕೆ ಬೇಕಿತ್ತು? ವಿದೇಶದವರು ಮಾಡಿ ಕೆಡಿಸಿದ್ದನ್ನು ನಾನೇ ಸರಿ ಮಾಡುತ್ತೇನೆ ಎಂದು ತೂತು ಮುಚ್ಚುವ ಸೀಲಂಟ್ ಡಬ್ಬ ತೆರೆದೆ. ಹೆಂಡತಿ ಕ್ಲಿನಿಕ್ಕಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಾ ನಿಂತಳು.

"ರೀ, ಮುಚ್ಚೋಕೆ ಮುಂಚೆ ಅದು ಯಾಕಿದೆ ಅಂತ ಒಂದು ಸಲ ಯೋಚನೆ ಮಾಡಿ."

"ತೂತು ಅಂದ್ರೆ ಮುಚ್ಚಬೇಕು, ಅಷ್ಟೇ. ಅದರಲ್ಲಿ ಯೋಚನೆ ಏನು?"

"ನಿಮ್ಮ ಮೂಗಿಗೂ ಎರಡಿದೆ. ಅದನ್ನೂ ಮುಚ್ಚಿಕೊಂಡುಬಿಡಿ!"

ಹಲ್ಲಿನವರಿಗೆ ಮೂಗಿನ ವಿಷಯ ಯಾಕೆ? ಅವಳು ಅತ್ತ ಹೋಗುತ್ತಲೇ ಎಂಟಕ್ಕೆ ಎಂಟಕ್ಕೂ ರಬ್ಬರ್ ಬಿರಡೆ ಬಡಿದು, ಮೇಲೆ ಸೀಲಂಟ್ ಮೆತ್ತಿ, ಎರಡು ಕೈ ಲೇಪ ಹೊಡೆದೆ. ಆಹಾ, ಏನು ಕೆಲಸ! ನಮ್ಮ ಕಸುಬಿನಲ್ಲಿ ತಾರಸಿಗೆ ಲೇಪ ಹೊಡೆದ ಮೇಲೆ ನೀರು ಕಟ್ಟಿ ಒಂದು ದಿನ ಬಿಟ್ಟು ನೋಡುತ್ತೇವೆ. ಮಟ್ಟ ಇಳಿಯದಿದ್ದರೆ ಪಾಸು. ದೋಣಿಗೂ ಅದೇ ಪರೀಕ್ಷೆ ಇಟ್ಟೆ. ಪೈಪು ಹಿಡಿದು ಕೂರುವ ಜಾಗ ತುಂಬ ನೀರು ತುಂಬಿಸಿದೆ. ಮರುದಿನ ನೋಡಿದರೆ ಒಂದು ಕೂದಲಿನಷ್ಟೂ ಇಳಿದಿರಲಿಲ್ಲ! ಹೆಂಡತಿಯನ್ನು ಕೈಹಿಡಿದು ಕರೆತಂದು ತೋರಿಸಿದೆ.

ಅವಳು ದೋಣಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. "ರೀ, ದೋಣಿ ತುಂಬ ನೀರು ನಿಂತಿದೆ."

"ಹೂಂ!"

"ಅದಕ್ಕೆ ನೀವು ಖುಷಿಯಾಗಿದೀರಾ."

"ಹೂಂ ಮತ್ತೆ!"

ಕೆರೆಗೆ ಹೋಗುವ ಭಾನುವಾರ ನಾನು ಹೊರಡುವಾಗ ಅವಳು ಬಹಳ ಪ್ರೀತಿಯಿಂದ, "ವಾಪಸ್ ಬರ್ತಾ ಸಾಹೇಬರನ್ನ ನೇರ ಮನೆಗೇ ಕರ್ಕೊಂಡು ಬನ್ನಿ" ಎಂದಳು. ಕುರ್ಚಿಯ ಮೇಲೆ ಆಗಲೇ ಎರಡು ಟವೆಲ್ ಮಡಿಸಿಟ್ಟಿದ್ದಳು. ಯಾಕೆಂದು ಅರ್ಥವಾಗಲಿಲ್ಲ.

ಕೆರೆಯಲ್ಲಿ ಮೊದಲ ಅರ್ಧ ಗಂಟೆ ಸ್ವರ್ಗ. ಸಾಹೇಬರು ತಂದಿದ್ದ ತೇಲುವ ಜಾಕೆಟ್ ತೊಟ್ಟು ಅವರು ಮುಂದೆ, ನಾನು ಹಿಂದೆ. "ದೋಣಿ ಅಂದ್ರೆ ಇದು ಕಣ್ರೀ!" ಎಂದು ಅವರು ಎರಡು ಸಲ ಅಂದರು. ಟ್ಯಾಂಕಿನ ಮಾತು ಇನ್ನೇನು ಅವರ ತುಟಿಗೆ ಬಂದಿತ್ತು. ಅಷ್ಟರಲ್ಲಿ ಗಾಳಿ ಎದ್ದು ಒಂದು ಅಲೆ ಪಕ್ಕದಿಂದ ಒಳಗೆ ಬಂತು. ಹಿಂದೆಯೇ ಇನ್ನೊಂದು. ನಾನು ಹುಟ್ಟು ಎತ್ತಿದಾಗಲೆಲ್ಲ ಅದರಿಂದಲೂ ನೀರು ಒಳಗೇ ಸುರಿಯಿತು.

"ನೀರು ಬರ್ತಿದೆಯಲ್ರೀ?"

"ತಳದಿಂದ ಒಂದು ಹನಿ ಬರಲ್ಲ ಸಾರ್! ಎಲ್ಲಾ ತೂತು ನಾನೇ ಮುಚ್ಚಿದೀನಿ!"

"ತಳದಿಂದ ಅಲ್ರೀ, ಮೇಲಿಂದ ಬರ್ತಿದೆ!"

"ಬಂದಿದ್ದು ಹೋಗುತ್ತೆ ಸಾರ್."

"ಎಲ್ಲಿಂದ?"

ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಂಗಡಿಯವನ ಮಾತು, ಮೂಗಿನ ಮಾತು, ಎರಡು ಟವೆಲ್ಲು ಎಲ್ಲ ಒಟ್ಟಿಗೆ ತಲೆಯೊಳಗೆ ಗಿರಕಿ ಹೊಡೆದವು. ದೋಣಿ ಮುಳುಗಲಿಲ್ಲ, ಅದರ ಎರಡು ಪದರದ ಹೊಟ್ಟೆಯಲ್ಲಿ ಗಾಳಿ ಇತ್ತಂತೆ. ಆದರೆ ನಾವು ಸೊಂಟದವರೆಗೆ ನೀರಿನಲ್ಲಿ ಕೂತು ತೇಲುತ್ತಿದ್ದೆವು.

ಅದೇ ಗಳಿಗೆಯಲ್ಲಿ ಸಾಹೇಬರ ಗಾಳಕ್ಕೆ ಮೀನು ಬಿತ್ತು! ಮೊಳದುದ್ದದ ಮೀನು! ಅವರು ಎಳೆದ ರಭಸಕ್ಕೆ ಅದು ಕೊಕ್ಕೆ ಬಿಡಿಸಿಕೊಂಡು ದೋಣಿಯೊಳಗೇ ಬಿದ್ದು, ಅಲ್ಲೇ ಆರಾಮಾಗಿ ಈಜತೊಡಗಿತು. ಸಾಹೇಬರು ಗಾಳವನ್ನು ಮೆಲ್ಲಗೆ ತಮ್ಮ ಮಂಡಿಗಳ ನಡುವೆ ಇಳಿಬಿಟ್ಟರು.

"ಅಲುಗಾಡಬೇಡ್ರೀ! ನಿಮ್ಮ ಕಡೆ ಬಂತು!"

"ಸಾರ್, ಕಚ್ಚುತ್ತಾ?"

"ಉಸಿರು ಬಿಡಬೇಡಿ ಅಂದ್ರೆ!"

ನಾನು ಉಸಿರು ಬಿಡಲಿಲ್ಲ. ಮೀನು ನನ್ನ ಪ್ಯಾಂಟಿನ ಕಾಲೊಳಗೆ ಇಣುಕಿತು. ನಾನು ಕಿಟಾರನೆ ಕಿರುಚಿದೆ. ಮುಂದಿನ ಅಲೆ ಬಂದಾಗ ಅದು ಅಲೆ ಹತ್ತಿ ತನ್ನ ಮನೆಗೆ ಹೋಯಿತು. ಸಾಹೇಬರು ಟೋಪಿ ತೆಗೆದು ನೀರು ಮೊಗೆಯಲು ಶುರು ಮಾಡಿದರು. ದಡ ಮುಟ್ಟುವವರೆಗೂ ಮೊಗೆಯುತ್ತಲೇ ಇದ್ದರು.

ದೋಣಿ ಮಗುಚಿ ನೀರು ಚೆಲ್ಲಿ ಬಾಡಿಗೆ ವ್ಯಾನಿಗೆ ಏರಿಸುವಷ್ಟರಲ್ಲಿ ಮಳೆ ಹಿಡಿಯಿತು. ಟ್ಯಾಂಕಿನ ಆಸೆಯನ್ನು ಅಲ್ಲೇ ಕೆರೆಗೆ ಬಿಟ್ಟೆ. ನಡುಗುತ್ತಿದ್ದ ಸಾಹೇಬರನ್ನು ಮನೆಗೆ ಕರೆತಂದರೆ ಹೆಂಡತಿ ಬಾಗಿಲಲ್ಲೇ ಟವೆಲ್ ಹಿಡಿದು ನಿಂತಿದ್ದಳು. ಒಳಗೆ ನೀಲಿ ಬಕೆಟ್ ತುಂಬಿ ಹಾಲ್ ತುಂಬ ಹರಿಯುತ್ತಿತ್ತು.

"ಸಾರ್, ಈ ಕಡೆ ಬನ್ನಿ, ಅಲ್ಲಿ ಸೋರುತ್ತೆ" ಎಂದು ಅವಳು ನನ್ನ ಮಾನದ ಬುಡಕ್ಕೇ ಕೊಡಲಿ ಹಾಕಿದಳು. "ರೀ, ಬಕೆಟ್ ಸಾಲಲ್ಲ. ಆ ದೋಣಿ ತನ್ನಿ."

ವ್ಯಾನಿನವನೂ ನಾನೂ ದೋಣಿಯನ್ನು ಒಳಗೆ ತಂದು ಹನಿಯ ಕೆಳಗಿಟ್ಟೆವು. ಬಾಗಿಲು ಮುಚ್ಚಲಾಗಲಿಲ್ಲ. ಬಿದ್ದ ನೀರೆಲ್ಲ ಅದರೊಳಗೆ ಅಚ್ಚುಕಟ್ಟಾಗಿ ನಿಂತಿತು. ಸಾಹೇಬರು ಟೀ ಕುಡಿಯುತ್ತಾ ಒಮ್ಮೆ ಸೂರು ನೋಡಿದರು, ಒಮ್ಮೆ ದೋಣಿ ನೋಡಿದರು.

"ಹೊರಗೆ ಹೋಗಬೇಕಾದ ನೀರನ್ನ ಒಳಗೆ ನಿಲ್ಲಿಸ್ತೀರಿ. ಹೊರಗೇ ನಿಲ್ಲಬೇಕಾದ ನೀರನ್ನ ಒಳಗೆ ಬಿಡ್ತೀರಿ. ನೀವು ಎಂಥ ಮನುಷ್ಯರು ಕಣ್ರೀ!"

ಇದು ಬೈಗುಳವೋ ಮೆಚ್ಚುಗೆಯೋ ತಿಳಿಯದೆ ನಾನು ಎರಡಕ್ಕೂ ಆಗುವಂತೆ ನಕ್ಕೆ.

"ಟ್ಯಾಂಕಲ್ಲಿ ನೀರು ಒಳಗೇ ನಿಲ್ಲಬೇಕು. ಆ ವಿದ್ಯೆ ನಿಮಗಿದೆ, ಸೊಂಟದವರೆಗೆ ಕೂತು ನೋಡಿದೀನಿ. ಕೆಲಸ ನಿಮಗೇ. ಆದ್ರೆ ಮೊದಲು ಈ ತಾರಸಿ ರಿಪೇರಿ ಆಗಲಿ, ಆಮೇಲೆ ನನ್ನ ಸಹಿ."

ಹೋದ ಜೀವ ಬಂದಂತಾಯಿತು! ಮುಂದಿನ ಭಾನುವಾರ ಕರಣೆ, ಡಬ್ಬ, ಬ್ರಷ್ಷು ಸಮೇತ ತಾರಸಿ ಹತ್ತಿದೆ. ಕೆಳಗೆ ಅಂಗಳದಲ್ಲಿ ಹೆಂಡತಿ ದೋಣಿ ಮಗುಚಿ ಹಾಕಿಕೊಂಡು, ಹಲ್ಲು ಕೀಳುವ ಇಕ್ಕಳದಿಂದ ನನ್ನ ಎಂಟು ಬಿರಡೆಗಳನ್ನೂ ಒಂದೊಂದಾಗಿ ಕಿತ್ತು ತಟ್ಟೆಗೆ ಹಾಕುತ್ತಿದ್ದಳು. ಸಾಹೇಬರು ಪಕ್ಕದಲ್ಲಿ ಗಾಳದ ಕೋಲು ಹಿಡಿದು ಕಾಯುತ್ತಿದ್ದರು. ಅವಳಿಗೆ ಈಜು ಬರುತ್ತದೆ ಎಂದು ನನಗೆ ಗೊತ್ತಾದದ್ದೂ ಆಗಲೇ. ದೋಣಿ ಏರಿಸಿ ಇಬ್ಬರೂ ಹತ್ತಿದ ಮೇಲೆ ವ್ಯಾನು ಕೆರೆಯ ಕಡೆ ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ ಅವಳು ಕೂಗಿದಳು:

"ರೀ, ಮಳೆನೀರು ಕೆಳಗೆ ಹೋಗೋಕೆ ಮೂಲೇಲಿ ಒಂದು ತೂತಿರುತ್ತಲ್ಲ, ಅದನ್ನ ಮಾತ್ರ ಮುಚ್ಚಬೇಡಿ!"

ಎಲಾ ಇವಳ! ಇಪ್ಪತ್ತು ವರ್ಷದ ಅನುಭವಸ್ಥನಿಗೆ ಪಾಠ ಹೇಳುತ್ತಾಳೆ! ಅಷ್ಟೂ ತಿಳಿಯದವನೇ ನಾನು? ಬೈದುಕೊಂಡು ಮೂಲೆಗೆ ಹೋದೆ. ಹೋಗಲು ಕಷ್ಟವಾಯಿತು, ಏಕೆಂದರೆ ಅಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಬಗ್ಗಿ ಕೈಯಾಡಿಸಿ ಕೊಳವೆಯ ಬಾಯಿ ಹುಡುಕಿದೆ. ಸಿಕ್ಕಿತು. ರಬ್ಬರ್ ಬಿರಡೆ, ಮೇಲೆ ಸೀಲಂಟ್, ಅದರ ಮೇಲೆ ಎರಡು ಕೈ ಲೇಪ. ನಾವು ಈ ಮನೆಗೆ ಬಂದ ಹೊಸದರಲ್ಲಿ ನಾನೇ ಮಾಡಿದ ಕೆಲಸ. ಇವತ್ತಿಗೂ ಒಂದು ಹನಿ ಹೊರಗೆ ಹೋಗಿಲ್ಲ!