‘ನೀರು ಬರುತ್ತಿಲ್ಲ’ ಎಂಬ ಪುಟದ ಸ್ಥಾನಮಾನದ ಕುರಿತು

ಸಂಖ್ಯೆ: ಜಾಲ/ಮೆನು/ಮೇಲೆ-ಕೆಳಗೆ/17 (ಮೂರನೇ ತಿದ್ದುಪಡಿಯ ತಿದ್ದುಪಡಿ)

ವಿಷಯ: ಜಾಲತಾಣದ ಮೆನು ರಚಿಸುವಾಗ ಪಾಲಿಸಬೇಕಾದ ಶಿಸ್ತು ಹಾಗೂ ಹಿಂದಿನ ಬೀದಿಯಲ್ಲಿ ಅನುಮತಿಯಿಲ್ಲದೆ ಬಂದ ನೀರಿನ ಬಗ್ಗೆ.

ಉಲ್ಲೇಖ: (1) ಮೆನು ತಯಾರಿಸುವ ಸಾಫ್ಟ್‌ವೇರ್ ಜೊತೆ ಬಂದ ಕೈಪಿಡಿ (ಯಾರೂ ಓದಿರುವುದಿಲ್ಲ). (2) ಬಟ್ಟೆ ಒಗೆಯುವ ಅಂಗಡಿಯ ಮಾಲಕಿಯವರು ಬಾಗಿಲಲ್ಲಿ ನಿಂತು ಹೇಳಿದ ದೂರು.

ನೀರು ಸರಬರಾಜಿನ ಈ ಕಚೇರಿಗೆ ಕಳೆದ ತಿಂಗಳು ಸದರಿ ಸಾಫ್ಟ್‌ವೇರ್ ಬಂದಿದ್ದು, ಮೌಸ್‌ನಿಂದ ಹಿಡಿದೆಳೆದರೆ ಮೆನುವಿನ ಯಾವ ಸಾಲನ್ನಾದರೂ ಮೇಲಕ್ಕೆ ಒಯ್ಯಬಹುದಾಗಿದೆ. ಇದು ತಿಳಿದಂದಿನಿಂದ ಪ್ರತಿ ವಿಭಾಗದ ಮುಖ್ಯಸ್ಥರೂ ತಮ್ಮ ಸಾಲನ್ನು ಎಳೆದಿದ್ದೇ ಎಳೆದಿದ್ದು. ದಾಸ್ತಾನು ವಿಭಾಗವು ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಬಾರಿ ತುದಿಗೇರಿ ಇಳಿದಿರುತ್ತದೆ. ಕಚೇರಿಯ ಮಾನ ಉಳಿಸುವ ದೃಷ್ಟಿಯಿಂದ ಈ ಕೆಳಕಂಡಂತೆ ವಿಧಿಸಲಾಗಿದೆ.

1. ಮೆನುವಿನ ಸಾಲುಗಳು ಸೇವಾ ಹಿರಿತನದ ಪಟ್ಟಿಯಂತೆಯೇ ಇರತಕ್ಕದ್ದು. ಸಾರ್ವಜನಿಕರಿಗೆ ಏನು ಬೇಕೆಂಬುದನ್ನು ಪರಿಗಣಿಸಲು ಪಟ್ಟಿಯಲ್ಲಿ ಕಾಲಂ ಇರುವುದಿಲ್ಲ.

2. ಕಿರಿಯರ ಪುಟವು ಅವರ ಮೇಲಧಿಕಾರಿಯ ಪುಟದೊಳಗೇ ತೆರೆಯತಕ್ಕದ್ದು. ‘ನೀರು ಬರುತ್ತಿಲ್ಲ’ ಎಂಬ ಪುಟವನ್ನು ನೋಡಿಕೊಳ್ಳುವ ದೂರು ಗುಮಾಸ್ತರು, ಕುರ್ಚಿ ಇರುವವರ ಪೈಕಿ ಎಲ್ಲರಿಗಿಂತ ಕಿರಿಯರಾದ ಕಾರಣ, ಅದು ಏಳನೇ ಮೆನುವಿನೊಳಗಿದೆ. ದಾರಿಯಲ್ಲಿ ಸಿಗುವ ಆರೂ ಅಧಿಕಾರಿಗಳ ಭಾವಚಿತ್ರ ಪೂರ್ತಿ ಮೂಡುವವರೆಗೆ ಕಾಯತಕ್ಕದ್ದು.

3. ಮೌಸ್ ತುಸು ಅಲುಗಿದರೂ ಏಳೂ ಮೆನುಗಳು ಮುಚ್ಚಿಹೋಗುತ್ತವೆ ಎಂಬ ಆಕ್ಷೇಪಣೆ ಬಂದಿದೆ. ಕೈ ನಡುಗುವವರು ನಡುಗದ ಕೈಯವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳತಕ್ಕದ್ದು.

4. ಮೊಬೈಲಿನಲ್ಲಿ ಇಡೀ ಮೆನು ಮೂರು ಗೆರೆಗಳ ಹಿಂದೆ ಅಡಗುವುದರಿಂದ ಮುಖ್ಯಸ್ಥರು ಕಾಣಿಸುವುದಿಲ್ಲವೆಂದು ಸ್ವತಃ ಮುಖ್ಯಸ್ಥರೇ ನೊಂದುಕೊಂಡಿದ್ದಾರೆ. ಇನ್ನು ಮುಂದೆ ಸಾರ್ವಜನಿಕರು ಕಂಪ್ಯೂಟರಿನಷ್ಟು ಅಗಲದ ಮೊಬೈಲನ್ನೇ ಬಳಸತಕ್ಕದ್ದು.

5. ನಿವೃತ್ತರ ಸಾಲನ್ನು ಅಳಿಸುವುದು ಅಗೌರವ. ಅದನ್ನು ಒತ್ತಿದರೆ ಏನೂ ಆಗುವುದಿಲ್ಲ. ಅವರು ಸೇವೆಯಲ್ಲಿದ್ದಾಗಲೂ ಹೀಗೆಯೇ ಇತ್ತೆಂದು ಸಿಬ್ಬಂದಿ ಕಿಸಕ್ಕನೆ ನಗುವುದನ್ನು ನಿಷೇಧಿಸಲಾಗಿದೆ.

6. ಇಷ್ಟೆಲ್ಲ ಅಚ್ಚುಕಟ್ಟು ಮಾಡಿದ್ದಾಗ್ಯೂ, ಹಿಂದಿನ ಬೀದಿಯ ಬಟ್ಟೆ ಒಗೆಯುವ ಅಂಗಡಿಯ ಮಾಲಕಿಯವರು, ನಲ್ಲಿ ಬತ್ತಿ ಹನ್ನೊಂದು ದಿನವಾದರೂ ಐದನೇ ಮೆನು ದಾಟಲಾಗದೆ, ನೇರ ಕಚೇರಿಯ ಬಾಗಿಲಿಗೇ ಬಂದಿರುತ್ತಾರೆ. ಹೆರಿಗೆ ಆಸ್ಪತ್ರೆಯ ಹೊದಿಕೆಗಳು ಅವರಲ್ಲಿ ರಾಶಿ ಬಿದ್ದಿದ್ದು, ಶುಕ್ರವಾರದೊಳಗೆ ಒಗೆದು ಕೊಡದಿದ್ದರೆ ಕೆಲಸ ಬೇರೆಯವರ ಪಾಲೆಂದು ಆಸ್ಪತ್ರೆ ತಿಳಿಸಿತ್ತು. ಅಂಗಡಿ ನಡೆಯುವುದೇ ಆ ಒಂದು ಗಿರಾಕಿಯಿಂದ. ಬಾಗಿಲ ಬಳಿಯಿದ್ದ ನಲ್ಲಿ ರಿಪೇರಿಯವರು ಯಾವ ಮೆನುವನ್ನೂ ಒತ್ತದೆ, ತುಕ್ಕು ಹಿಡಿದಿದ್ದ ವಾಲ್ವನ್ನು ತಿರುಗಿಸಿ, ಇಪ್ಪತ್ತು ನಿಮಿಷದಲ್ಲಿ ನೀರು ಬಿಟ್ಟಿರುತ್ತಾರೆ. ಕಾರಣ ಕೇಳಿದ ನೋಟಿಸಿಗೆ ಅವರ ಲಿಖಿತ ಉತ್ತರ: “ಅಕ್ಕ ಬಂದು ನೀರಿಲ್ಲ ಅಂದ್ರು. ಕೈಯಲ್ಲಿ ವಾಲ್ವ್ ತಿರುಗಿಸೋ ಪಾನಾ ಇತ್ತು, ಹೋಗಿ ನೀರು ಬಿಟ್ಟೆ. ಇದರಲ್ಲಿ ಕಾರಣ ಅಂತ ಏನು ಬರೀಲಿ ಸಾರ್?” ಇದನ್ನು ಓದಿ ಕೆಳಸಹಿದಾರರಿಗೆ ಎರಡು ದಿನ ಊಟ ಸೇರಿರುವುದಿಲ್ಲ.

7. ಮೆನುವಿನ ಮೂಲಕ ಬಾರದ ನೀರನ್ನು ಬಂದಿಲ್ಲವೆಂದೇ ಭಾವಿಸತಕ್ಕದ್ದು. ದೂರು ಸಂಖ್ಯೆ ದೊರೆಯುವವರೆಗೆ ವಾಲ್ವನ್ನು ಮರಳಿ ಮುಚ್ಚಲು ನಲ್ಲಿ ರಿಪೇರಿಯವರಿಗೆ ಆದೇಶಿಸಲಾಗಿದೆ. ಆದೇಶಗಳನ್ನು ಕೈಗೆ ಕೊಡುವ ಪದ್ಧತಿ ರದ್ದಾಗಿರುವುದರಿಂದ ಇದನ್ನೂ ಜಾಲತಾಣಕ್ಕೆ ಹಾಕಲಾಗಿದ್ದು, ಅವರಿಗೆ ಕುರ್ಚಿಯೇ ಇಲ್ಲದ ಕಾರಣ ಎಂಟನೇ ಮೆನುವಿನೊಳಗೆ ಇರಿಸಲಾಗಿದೆ.

ಸಹಿ/-
ಪ್ರಭಾರ ಮೆನು ಅಧಿಕಾರಿ
(ಮೂಲ ಹುದ್ದೆ: ಮುಖ್ಯಸ್ಥರು, ದಾಸ್ತಾನು ವಿಭಾಗ)

ಪ್ರತಿಗಳು:

1. ಹಿರಿತನದ ಪಟ್ಟಿಯಲ್ಲಿರುವ ಎಲ್ಲರಿಗೂ, ಅದೇ ಕ್ರಮದಲ್ಲಿ. ಹಿಂದಿನವರು ಓದಿ ಮುಗಿಸುವವರೆಗೆ ಮುಂದಿನವರು ತೆರೆಯಕೂಡದು.

2. ಬಟ್ಟೆ ಒಗೆಯುವ ಅಂಗಡಿಯ ಮಾಲಕಿಯವರಿಗೆ. ಹೊದಿಕೆಗಳು ಗುರುವಾರವೇ ಆಸ್ಪತ್ರೆ ತಲುಪಿರುವುದು ಗಮನಕ್ಕೆ ಬಂದಿದೆ. ನೀರು ಬರುತ್ತಿಲ್ಲವೆಂದು ಈಗಲಾದರೂ ದೂರು ದಾಖಲಿಸಲು ಕೋರಿದೆ.

3. ನಲ್ಲಿ ರಿಪೇರಿಯವರಿಗೆ. ವಾಲ್ವ್ ಮುಚ್ಚುವ ಆದೇಶದ ಪುಟ ಎಷ್ಟು ಹುಡುಕಿದರೂ ಸಿಗುತ್ತಿಲ್ಲವೆಂದು ಅವರು ಆರು ದಿನಗಳಿಂದ ತಪ್ಪದೆ ವರದಿ ಮಾಡುತ್ತಿದ್ದಾರೆ. ಹುಡುಕಾಟ ಮುಂದುವರಿಸತಕ್ಕದ್ದು. ಅಲ್ಲಿಯವರೆಗೆ ನೀರು ಹರಿಯುತ್ತಿರತಕ್ಕದ್ದು.