ಮಾವ ಕೊಟ್ಟ ಗಡಿಯಾರದ ಗಿಲಿಗಿಲಿ

ಈ ಪ್ರಸಂಗ ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಓದಿದವನಿಗೆ ಕಂಡದ್ದನ್ನೆಲ್ಲ ಸಂಶಯಿಸುವ ಚಟ ಅಂಟಿಕೊಳ್ಳುತ್ತದೆ. ನನ್ನ ಚಟ ಬೆಳೆದು ಬೆಳೆದು ಈಗ ನನ್ನ ನೆನಪನ್ನೇ ಕಟಕಟೆಗೆ ನಿಲ್ಲಿಸಿದೆ. ಕೈಗಡಿಯಾರವನ್ನು ಗದಗಿನ ಪೇಟೆಯಲ್ಲಿ ತೊಳೆದು ಎಣ್ಣೆ ಹಾಕಲು ಕೊಟ್ಟದ್ದು ಮುಂಬೈ ರಾಜ್ಯದಲ್ಲಿ, ಮರಳಿ ಪಡೆದದ್ದು ಮೈಸೂರು ರಾಜ್ಯದಲ್ಲಿ ಎಂದು ನನ್ನ ನೆನಪು. ನಡುವೆ ನಾಡು ಒಂದಾಗಿತ್ತು, ಅಂಗಡಿ ಮಾತ್ರ ಇದ್ದಲ್ಲೇ ಇತ್ತು. ಹೆಂಡತಿ ಗಂಗವ್ವ ಇದನ್ನು ಒಪ್ಪುವುದಿಲ್ಲ. "ಕೊಟ್ಟಿದ್ದೂ ತಂದಿದ್ದೂ ಏಕೀಕರಣ ಆದ ಮ್ಯಾಲರಿ. ಚಂದ ಕಾಣತೈತಿ ಅಂತ ಕಥಿ ಕಟ್ಟಬ್ಯಾಡ್ರಿ" ಅನ್ನುತ್ತಾಳೆ.

ಅದು ಕೈ ಆಡಿಸಿದರೆ ತಾನೇ ಕೀಲಿ ಕೊಟ್ಟುಕೊಳ್ಳುವ ಗಡಿಯಾರ. ಶಿಗ್ಲಿಯ ಮಾವ ಮದುವೆಯಲ್ಲಿ ಕೊಟ್ಟದ್ದು. ಆಗ ಗಂಗವ್ವನ ಅಣ್ಣ ತುಂಬಿದ ಚಪ್ಪರದಲ್ಲೇ, "ಮಾಸ್ತರಗ ಗಡಿಯಾರ ಯಾಕ? ಶಾಲಿಯಾಗ ಗಂಟಿ ಇರತೈತಲ್ಲ!" ಎಂದಿದ್ದನಂತೆ. ಈಗ ಅಂಗಡಿಯಿಂದ ಬಂದ ಗಡಿಯಾರ ಕೈ ಬೀಸಿದಾಗೆಲ್ಲ ಗಿಲಿಗಿಲಿ ಎನ್ನುತ್ತಿತ್ತು. ಅದೇ ದಿನ ಮಾವನೂ ಬರುವವರಿದ್ದರು. ಅಳಿಯನ ಕ್ಷೇಮ ಕೇಳುವ ಮೊದಲು ಗಡಿಯಾರವನ್ನು ಕಿವಿಗೆ ಹಿಡಿದು ನೋಡುವುದು ಅವರ ಪದ್ಧತಿ.

"ಅಪ್ಪ ಇದನ್ನ ಕೇಳಿದಾ ಅಂದ್ರ ನಮ್ಮಣ್ಣಗ ಹಬ್ಬ. ತವರಮನ್ಯಾಗ ನಾ ತಲಿ ಎತ್ತಿ ತಿರಗ್ಯಾಡಾಕ ಆಗೂದಿಲ್ಲ" ಎಂದಳು ಗಂಗವ್ವ.

ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ತೊಡಗಿದೆ. ಮುಖ ಮೇಲಾಗಿಸಿದರೆ ಮೌನ, ಬೋರಲು ಹಾಕಿದರೆ ಗಿಲಿಗಿಲಿ. ರಿಪೇರಿಯವನು ಯಾವುದೋ ತಿರುಪನ್ನು ಒಳಗೆ ಉದುರಿಸಿದ್ದಾನೆಂದು ತೀರ್ಪು ಕೊಟ್ಟೆ. ಗಂಗವ್ವ ಅದನ್ನು ಕಸಿದುಕೊಂಡು, ಒಣ ಶೇಂಗಾಕಾಯಿಯನ್ನು ಕಿವಿಯ ಹತ್ತಿರ ಅಲುಗಿಸುವ ಹಾಗೆ ಅಲುಗಿಸಿದಳು.

"ಬಿಡಿ ಕಾಳಾದ್ರ ಎರಡೂ ಕಡಿ ಬಡೀತಿತ್ತು. ಇದು ತೊಟ್ಟಿಗೆ ಜೋತುಬಿದ್ದು ಅಳ್ಳಾಡಾಕತ್ತೈತಿ."

"ಗಡಿಯಾರ ಶೇಂಗಾ ಅಲ್ಲ."

"ತಗದ ನೋಡ್ರಿ ಹಂಗಾರ. ಅದಕೇನು ತರ್ಕಶಾಸ್ತ್ರ ಬೇಕ?"

ಚಾಕುವಿನ ತುದಿಯಿಂದ ಹಿಂದಿನ ಮುಚ್ಚಳ ಎಬ್ಬಿಸಿದೆವು. ಇಬ್ಬರೂ ಒಟ್ಟಿಗೇ ಬಗ್ಗಿ ನೋಡಿದೆವು. ಹೊಂಬಣ್ಣದ ಅರ್ಧಚಂದ್ರದಂಥ ಬಿಲ್ಲೆಯೊಂದು ಗಡಿಯಾರ ತುಸು ವಾಲಿದರೂ ಸಾಕು, ತೂಗುತ್ತಿತ್ತು. ಅದರ ಮರೆಯಲ್ಲಿ ಸಾಸಿವೆಯಂಥ ಕೆಂಪು ಹರಳುಗಳು. ಅವುಗಳ ನಡುವೆ ಕೂದಲೆಳೆಯ ಸುರುಳಿಯೊಂದು ಉಸಿರಾಡುವಂತೆ ಅರಳುತ್ತ ಮುದುಡುತ್ತಿತ್ತು. ಯಾವ ಗುಡಿಯಲ್ಲೂ ಕೈಮುಗಿಯದ ನಾನು ಉಸಿರು ಬಿಗಿಹಿಡಿದು ಕೂತೆ, ನನ್ನ ಉಸಿರು ತಾಗಿ ಅದರ ಉಸಿರು ನಿಂತೀತೆಂದು. ಗಿಲಿಗಿಲಿಯ ಮೂಲವೂ ಕಂಡಿತು. ಅರ್ಧಚಂದ್ರದ ನಡುವಿನ ತಿರುಪು ತುಸು ಸಡಿಲಾಗಿತ್ತು, ಅಷ್ಟೇ.

"ಏನ್ ಮಾಡಾಕತ್ತೀರಿ?"

ಮಾವ ಬಾಗಿಲಲ್ಲಿ ನಿಂತಿದ್ದರು. ಗಂಗವ್ವ ನೆಲದಲ್ಲೆಲ್ಲ ತಡಕಾಡಿದಳು. ಮುಚ್ಚಿಡಲು ಮುಚ್ಚಳವೂ ಕೈಗೆ ಸಿಗಲಿಲ್ಲ. ಅವರು ಹತ್ತಿರ ಬಂದು ಬಗ್ಗಿ ನೋಡಿದರು, ತಲೆಗೆ ಸುತ್ತಿದ ಪಟಗ ತೆಗೆದು ಪಕ್ಕಕ್ಕಿಟ್ಟು ಮತ್ತೆ ನೋಡಿದರು, ಕೊನೆಗೆ ನೆಲಕ್ಕೇ ಕೂತುಬಿಟ್ಟರು.

"ಯವ್ವಾ ಗಂಗವ್ವ, ನಾ ಬರೇ ಮುಳ್ಳ ನೋಡಿ ಕೊಟ್ಟಿದ್ನಲ್ಲಬೇ! ಒಳಗ ಇಷ್ಟೆಲ್ಲಾ ಐತಿ ಅಂತ ಗೊತ್ತಿದ್ರ ಖರೇನ ಕೊಡತಿದ್ದಿಲ್ಲ."

ಮಗನಿಗೂ ತೋರಿಸಿ ತರುತ್ತೇನೆಂದು ಒಯ್ದರು. ಗಡಿಯಾರ ತಿರುಗಿ ಬರಲಿಲ್ಲ. ಅಣ್ಣನ ಕುಹಕವೂ ಅಂದಿಗೇ ನಿಂತಿತು. ಗಂಗವ್ವನ ಪಾಲಿಗೆ ಇದು ಲಾಭದ ವ್ಯವಹಾರ.

ಈಚೆಗೆ ಶಿಗ್ಲಿಗೆ ಹೋದಾಗ ಆ ಗಡಿಯಾರ ಕಟ್ಟಿದ್ದ ಭಾವನ ಮಣಿಕಟ್ಟನ್ನು ಹಿಡಿದು ಅಲುಗಿಸಿ ಕಿವಿಗೊಟ್ಟೆ. ಈ ಬರಹದಲ್ಲಿ ನಾನು ಖುದ್ದಾಗಿ ಪರೀಕ್ಷಿಸಿ ಖಾತ್ರಿ ಮಾಡಿಕೊಂಡ ಸಂಗತಿ ಒಂದೇ: ಆ ತಿರುಪನ್ನು ಇನ್ನೂ ಯಾರೂ ಬಿಗಿಸಿಲ್ಲ.