ಮಹಾಬಲಿಪುರದ ದಾರಿಯಲ್ಲಿ ನಮ್ಮದೊಂದು ಕ್ಯಾಂಪು

ನಮ್ಮನೆಯವರು ಯಾವಾಗ "ಎಲ್ಲರೂ ಆರಾಮಾಗಿ ಇರೋಣ" ಅಂತಾರೋ, ಆವಾಗೆಲ್ಲ ನಮ್ಮಲ್ಲಿ ಯಾರಿಗೂ ಆರಾಮ ಸಿಕ್ಕಿದ್ದಿಲ್ಲ. ಪೊಂಗಲ್ ರಜೆಯಲ್ಲೂ ಹಾಗೇ ಆಯಿತು. "ಮಗಳು ಮೊಬೈಲಿಂದ ತಲೆನೇ ಎತ್ತಲ್ಲ. ಮಹಾಬಲಿಪುರದ ದಾರೀಲಿ ಸಮುದ್ರದ ಪಕ್ಕ ಟೆಂಟ್ ಹಾಕ್ಕೊಂಡಿರೋಣ" ಅಂದರು. ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಕಾಲು ಚಾಚಿದರೆ ಗೋಡೆ ತಾಗುತ್ತೆ, ನಿಜ. ಆದರೆ ಆ ಗೋಡೆ ಗಾಳಿಗೆ ಹಾರಿಹೋಗುವುದಿಲ್ಲ.

ಟೆಂಟು

ವಿಡಿಯೋ ನೋಡಿಕೊಂಡು ಹಾಲ್‌ನಲ್ಲೇ ಟೆಂಟು ಕಟ್ಟಿ, ಬಿಚ್ಚಿ ಅಭ್ಯಾಸ ಮಾಡಿದ್ದರು. ಹಾಲ್‌ನಲ್ಲಿ ಗಾಳಿ ಎಲ್ಲಿ? ಇಲ್ಲಿ ಸಮುದ್ರದ ದಂಡೆಯಲ್ಲಿ ಗೂಟ ಹೊಡೆದರೆ ಮರಳು ಹಿಡಿಯಲೊಲ್ಲದು. ಈ ಮೂಲೆ ಎಳೆದರೆ ಆ ಮೂಲೆ ಏಳುತ್ತೆ. ನಮ್ಮತ್ತೆ ನರ್ಸ್ ಆಗಿ ರಿಟೈರಾದವರು, ಅವರಿಗೆ ತಾಳ್ಮೆ ಕಡಿಮೆ. "ಸರಿಯೋ ಆ ಕಡೆ" ಅಂತ ಮಗನನ್ನು ತಳ್ಳಿ, ಒಳಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕೂತರು. ಟೆಂಟು ತೆಪ್ಪಗಾಯಿತು.

"ನೋಡಿದ್ಯಾ, ನಿಂತುಬಿಡ್ತು!" ಅಂತ ಇವರು ಫೋಟೋ ತೆಗೆಯತೊಡಗಿದರು.

ಒಳಗಿಂದ ಧ್ವನಿ ಬಂತು. "ಫೋಟೋ ಆಮೇಲಾಗಲಿ. ನಾನು ಬಾತ್‌ರೂಮಿಗೆ ಹೋಗ್ಬೇಕು. ನನ್ನ ಜಾಗದಲ್ಲಿ ಯಾರು ಕೂತ್ಕೋತೀರಿ?"

ಊಟ

ಆನ್‌ಲೈನ್ ಊಟ ತರಿಸಕೂಡದು, ನಾವೇ ಬೇಯಿಸಿ ತಿನ್ನಬೇಕು ಅಂತ ಇವರ ಕಟ್ಟಪ್ಪಣೆ. ಬೇಯಿಸುವವಳು ನಾನು. ಗಾಳಿಗೆ ಒಲೆ ಹತ್ತಿದ್ದಕ್ಕಿಂತ ಆರಿದ್ದೇ ಹೆಚ್ಚು. ಉಪ್ಪಿಟ್ಟಿನಲ್ಲಿ ರವೆ ಯಾವುದು, ಮರಳು ಯಾವುದು ಹಲ್ಲಿಗೂ ತಿಳಿಯಲಿಲ್ಲ. "ಪಸಿಕ್ಕುದು ಅಮ್ಮಾ, ತುಂಬಾ ಹಸಿವು" ಅಂತ ಮಗಳು ತಮಿಳು, ಕನ್ನಡ ಎರಡರಲ್ಲೂ ಅತ್ತಳು. ಆಮೇಲೆ ಗುಟ್ಟಾಗಿ ಅಪ್ಪನ ಫೋನಿನಿಂದಲೇ ಆರ್ಡರ್ ಮಾಡಿಬಿಟ್ಟಳು. ಡೆಲಿವರಿಯವನು ಕರೆ ಮಾಡಿದಾಗ ಎತ್ತಿದವರು ಅಪ್ಪ.

"ಸಾರ್, ಡೋರ್ ನಂಬರ್?"

"ಡೋರೇ ಇಲ್ಲಪ್ಪ!"

"ಲ್ಯಾಂಡ್‌ಮಾರ್ಕ್ ಹೇಳಿ ಸಾರ್."

ಇವರು ಮೊದಲೇ ಉರಿಯುತ್ತಿದ್ದರು. "ಬಂಗಾಳ ಕೊಲ್ಲಿ!"

ಅವನು ಒಂದು ಗಳಿಗೆ ಯೋಚಿಸಿ ಕೇಳಿದ: "ಅದಕ್ಕೆ ಎದುರಿಗಾ ಸಾರ್, ಹಿಂದುಗಡೆಯಾ?"

ಕ್ಯಾಂಪು

ಮರುದಿನ ಬೆಳಿಗ್ಗೆ ಟೆಂಟಿನ ಜಿಪ್ ಎಳೆದರೆ ಹೊರಗೆ ಜನರ ಸಾಲು! ಪಕ್ಕದ ಕುಪ್ಪದ, ಅಂದರೆ ಮೀನುಗಾರರ ಕೇರಿಯ ಅಜ್ಜ ಅಜ್ಜಿಯರು, ಕೈಯಲ್ಲಿ ಹಳೇ ಕನ್ನಡಕ, ಮಾತ್ರೆ ಚೀಟಿ. ಹಿಂದಿನ ಸಂಜೆ ಮೀನು ಮಾರುವ ಹೆಂಗಸೊಬ್ಬಳು ಯಾಕೆ ಬಂದಿದ್ದೀರಿ ಅಂತ ವಿಚಾರಿಸಿದ್ದಳಂತೆ. "ಕ್ಯಾಂಪಿಗೆ ಬಂದಿದೀವಮ್ಮ, ನಾನು ಆಸ್ಪತ್ರೆ ನರ್ಸ್" ಅಂದಿದ್ದರಂತೆ ನಮ್ಮತ್ತೆ. ಫ್ರೀ ಮೆಡಿಕಲ್ ಕ್ಯಾಂಪು ಅಂತ ಕುಪ್ಪಕ್ಕೆಲ್ಲ ಸುದ್ದಿ ಹಬ್ಬಿತ್ತು.

"ಏನೂ ಇಲ್ಲ ಅಂತ ಹೇಳಿ ಕಳಿಸಮ್ಮ" ಅಂತ ಇವರು ಗೋಗರೆದರು.

"ಬಂದವರನ್ನ ಹಾಗೇ ಕಳಿಸೋದಾ?" ಅಂತ ಅತ್ತೆ ಬ್ಯಾಗಿನಿಂದ ಬಿ.ಪಿ. ಮೆಷಿನ್ ತೆಗೆದೇಬಿಟ್ಟರು. ನಾನು ಕುರ್ಚಿ ಹಾಕಿದೆ. ಮಗಳು ಮೊಬೈಲ್ ಒಳಗಿಟ್ಟು, ಒಬ್ಬೊಬ್ಬರನ್ನೇ ಕರೆದು ಕೂರಿಸಿದಳು. ಎಲ್ಲರದೂ ನಾರ್ಮಲ್. ಮೆಷಿನ್ ಕೆಟ್ಟಿದೆಯೇನೋ ಅಂತ ಅತ್ತೆಗೆ ಅನುಮಾನ ಬಂದು, ಪಕ್ಕದಲ್ಲಿ ಗೊಣಗುತ್ತಿದ್ದ ಮಗನ ತೋಳಿಗೆ ಕಟ್ಟಿದರು. ಅದು ಕುಂಯ್ ಕುಂಯ್ ಅಂತ ಕೂಗಿಕೊಂಡಿತು.

ಸಾಲಿನ ಮುಂದಿದ್ದ ಅಜ್ಜಿ ಬಗ್ಗಿ ನಂಬರು ನೋಡಿ, ಇವರ ತಲೆ ಸವರಿ ಅಂದಳು: "ಅಯ್ಯೋ ತಂಬಿ, ಇಷ್ಟೊಂದು ಟೆನ್ಷನ್ ಒಳ್ಳೇದಲ್ಲಪ್ಪ. ಹೆಂಡ್ತಿ ಮಗೂನ ಕರ್ಕೊಂಡು ಎಲ್ಲಾದ್ರೂ ಸಮುದ್ರದ ಕಡೆ ಹೋಗಿ ಎರಡು ದಿನ ಆರಾಮಾಗಿದ್ದು ಬಾ."